ವಠಾರದ ನಲ್ಲಿಯೂ ಬಾಡಿಗೆದಾರರ ಹಕ್ಕೂ
(ಶಿಕಾರಿಪುರದ ಬಾಡಿಗೆದಾರರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯಲ್ಲಿ ಮನೆ ಎಂಥದೆಂಬುದನ್ನು ಮಳೆಗಾಲವೇ ಹೇಳಿಬಿಡುತ್ತದೆ. ಹೆಂಚು ಒಡೆದರೆ ಆ ಮನೆಯವನು ಮಾಲೀಕರ ಬಾಗಿಲಿಗೆ ಹೋಗಿ ಕೂಗಾಡುತ್ತಾನೆ, ಹೇಗೋ ನಾಲ್ಕು ಹೆಂಚು ಬರುತ್ತವೆ. ಆದರೆ ವಠಾರಕ್ಕೆಲ್ಲ ಒಂದೇ ಆದ ನಲ್ಲಿ, ಬಾವಿಯ ಮೋಟಾರು, ಪಾಯಖಾನೆ, ಚರಂಡಿ, ಮೆಟ್ಟಿಲ ದೀಪ ಕೆಟ್ಟರೆ ಏನಾಗುತ್ತದೆ? ಮೂರನೆಯ ಮನೆಯವರು ಐದನೆಯ ಮನೆಯವರ ಮಕ್ಕಳನ್ನು ಬಯ್ಯುತ್ತಾರೆ. ಐದನೆಯ ಮನೆಯವರು ಮೂಲೆಮನೆಯ ಮುದುಕಿಯನ್ನು ದೂರುತ್ತಾರೆ. ಮಾಲೀಕರು ಬಂದು, "ನೀವೇ ಕೆಡಿಸಿದ್ದು, ನೀವೇ ಮಾಡಿಸಿಕೊಳ್ಳಿ" ಎಂದು ಹೇಳಿ ಹೊರಟುಹೋಗುತ್ತಾರೆ. ತಿಂಗಳೆರಡು ಕಳೆಯುತ್ತದೆ. ಅಷ್ಟು ದಿನವೂ ಬೀದಿಯ ಕೊನೆಯಿಂದ ಕೊಡ ಹೊರುವವರು ಯಾರೆಂಬುದನ್ನು ಇಲ್ಲಿ ಕುಳಿತ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನಾವು ಬಾಡಿಗೆ ಕೊಡುವುದು ನಾಲ್ಕು ಗೋಡೆಗೆ ಮಾತ್ರವೆ? ನೀರಿಲ್ಲದ ಮನೆಯೆಂದು ಮೊದಲೇ ಹೇಳಿದ್ದರೆ ಯಾರಾದರೂ ಅಷ್ಟೇ ಬಾಡಿಗೆಗೆ ಒಪ್ಪುತ್ತಿದ್ದರೆ? ನಲ್ಲಿಯ ಬೆಲೆಯೂ ಬಾಡಿಗೆಯಲ್ಲಿ ಸೇರಿದೆ. ನಲ್ಲಿ ನಿಂತ ಮೇಲೂ ಪೂರ್ತಿ ಬಾಡಿಗೆ ಕೊಡುವವನು ತನಗೆ ಸಿಗದ ಸರಕಿಗೆ ಹಣ ಕೊಡುತ್ತಿದ್ದಾನೆ. ಅಂಗಡಿ ಇಟ್ಟವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಕಾಯಿದೆ ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ ಒಂದು ಮಾತಿದೆ. ಮಾಲೀಕನು ತಾನು ಮಾಡಿಸಬೇಕಾದ ದುರಸ್ತಿಯನ್ನು, ನೋಟೀಸು ಮುಟ್ಟಿದ ಮೇಲೆ ಯುಕ್ತವಾದ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬ್ರಿಟಿಷರ ಕಾಲದ ಈ ಕಾಯಿದೆ ಇಂದಿಗೂ ಜೀವಂತವಾಗಿದೆ. ಆದರೆ "ತಾನು ಮಾಡಿಸಬೇಕಾದ" ಎಂಬ ಮಾತಿನ ಮೇಲೆ ನಿಮ್ಮ ಗಮನವಿರಲಿ. ಯಾವುದನ್ನು ಯಾರು ಮಾಡಿಸಬೇಕೆಂಬುದು ಕರಾರು ಪತ್ರದಲ್ಲಿರಬೇಕು. ನಮ್ಮ ಕರಾರು ಪತ್ರಗಳಲ್ಲಿ ಏನಿರುತ್ತದೆ? ಅಂಗಡಿಯಲ್ಲಿ ಕೊಂಡ ಅಚ್ಚಿನ ಕಾಗದ, "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂಬ ಒಂದು ಸಾಲು. ಮೋಟಾರು ಸುಟ್ಟದ್ದು ಸಣ್ಣದೋ ಪುಟ್ಟದೋ? ಎಷ್ಟೋ ಮಂದಿಗೆ ಆ ಕಾಗದವೂ ಇಲ್ಲ, ಬಾಯಿಮಾತು ಮಾತ್ರ.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯಿದೆಯನ್ನು ಹೊರಡಿಸಿತು. ರಾಜ್ಯಗಳು ಒಪ್ಪಿ ಶಾಸನ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಆದರೂ ಅದರಲ್ಲಿರುವ ಪಟ್ಟಿ ನಮ್ಮ ಕೆಲಸಕ್ಕೆ ಬರುತ್ತದೆ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ನೀರಿನ ಕೊಳವೆ ಬದಲಿಸುವುದು, ವಿದ್ಯುತ್ ತಂತಿ ಇವು ಮಾಲೀಕನ ಪಾಲು. ನಲ್ಲಿಯ ವಾಷರು, ಚರಂಡಿ ಚೊಕ್ಕಟ ಇಂಥವು ಬಾಡಿಗೆದಾರನ ಪಾಲು. ಹೊಸ ಕರಾರು ಬರೆಸುವಾಗ ಆ ಪಟ್ಟಿಯನ್ನೇ ಸೇರಿಸಿ, ನಲ್ಲಿ, ಮೋಟಾರು, ಪಾಯಖಾನೆಗಳ ಹೆಸರನ್ನೂ ಬರೆಸಿರಿ.

ಇನ್ನು ನಮ್ಮವರು ಕೋಪದಲ್ಲಿ ಮಾಡುವ ಕೆಲಸವೊಂದಿದೆ: "ನಲ್ಲಿ ಬರುವ ತನಕ ಬಾಡಿಗೆ ಇಲ್ಲ." ಕೇಳಲು ವೀರವಾಗಿದೆ. ಆದರೆ ಬಾಡಿಗೆ ಬಾಕಿ ಎಂಬುದು ಮಾಲೀಕನಿಗೆ ನಾವೇ ಕೊಟ್ಟ ದೊಣ್ಣೆ. ಕೋರ್ಟಿನಲ್ಲಿ ನಲ್ಲಿಯ ಮಾತು ಹಿಂದೆ ಬಿದ್ದು, ಬಾಕಿಯ ಮಾತೇ ಮುಂದೆ ಬರುತ್ತದೆ. ಸರಿಯಾದ ದಾರಿ ಬೇರೆ. ಆರು ಮನೆಯ ವಠಾರವೆಂದು ಇಟ್ಟುಕೊಳ್ಳಿ. ಕರಾರಿನ ಪ್ರಕಾರ ಮೋಟಾರು ಮಾಲೀಕರದು. ದುರಸ್ತಿಗೆ 9,000 ರೂಪಾಯಿ. ಆರು ಜನರೂ ಸಹಿ ಮಾಡಿದ ಕಾಗದ ಮೊದಲು ಹೋಗಬೇಕು, ದಿನ ಗೊತ್ತುಮಾಡಿ. ಆ ದಿನ ಕಳೆದ ಮೇಲೆ ಕೆಲಸ ಮಾಡಿಸಿ, ರಶೀದಿ ಇಟ್ಟುಕೊಂಡು, ಮನೆಗೆ 1,500ರಂತೆ ಮುರಿದುಕೊಂಡು, ಉಳಿದ ಬಾಡಿಗೆಯನ್ನು ಗೊತ್ತಾದ ದಿನವೇ ಕಟ್ಟಿ ಅದಕ್ಕೂ ರಶೀದಿ ಪಡೆಯಬೇಕು.

"ಹೀಗೆ ಮಾಡಿದರೆ ಮನೆ ಬಿಡಿಸುತ್ತಾರೆ" ಎಂಬ ಹೆದರಿಕೆ ಸುಳ್ಳಲ್ಲ. ಅವಧಿ ಗೊತ್ತಿಲ್ಲದ ತಿಂಗಳ ಬಾಡಿಗೆಯನ್ನು 15 ದಿನದ ನೋಟೀಸಿನಿಂದ ಮುಗಿಸಬಹುದೆಂದು ಅದೇ 1882ರ ಕಾಯಿದೆ ಹೇಳುತ್ತದೆ. ಆದರೆ ನೋಟೀಸು ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆಸೆಯುವಂತಿಲ್ಲ, ಮಾಲೀಕನು ಕೋರ್ಟಿಗೇ ಹೋಗಬೇಕು. ಬಲವಂತದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಒಬ್ಬನನ್ನು ಬಿಡಿಸುವುದು ಮಾಲೀಕನಿಗೆ ಸುಲಭ. ಆರು ಮನೆಯನ್ನು ಒಟ್ಟಿಗೆ ಖಾಲಿ ಮಾಡಿಸಿ, ಆರು ದಾವೆ ನಡೆಸಿ, ಆರು ಬಾಡಿಗೆ ಕಳೆದುಕೊಳ್ಳುವುದಕ್ಕಿಂತ ಮೋಟಾರು ಅಗ್ಗವೆಂದು ಅವನಿಗೂ ತಿಳಿಯುತ್ತದೆ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ. ಒಬ್ಬೊಬ್ಬರೇ ಕೇಳಿದ್ದರೆ ಕೊಳಗ ಹಾಗೆಯೇ ಇರುತ್ತಿತ್ತು. ಕೂಡಿ ಕೇಳಿದ್ದರಿಂದ ಲೋಹಿಯಾರವರು ಬಂದರು, ಬಂಧನವಾಯಿತು, ದೇಶಕ್ಕೆ ಸುದ್ದಿ ಮುಟ್ಟಿತು. 1974ರ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ಬಂತು. ಮನೆಯಲ್ಲಿ ವಾಸಿಸುವವನಿಗೆ ಅಂಥ ಕಾಯಿದೆ ಬಂದಿಲ್ಲ. ನಾವೂ ಮನೆಯನ್ನು ಕೇಳುತ್ತಿಲ್ಲ, ನೀರು ಕೇಳುತ್ತಿದ್ದೇವೆ.

ಇದ್ದ ರಕ್ಷಣೆಯೂ ಸವೆಯಿತು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹೋಗಿ, 1999ರ ಕಾಯಿದೆ 2001ರ ಕೊನೆಗೆ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ದಾಟಿದ ಬಾಡಿಗೆಯನ್ನು ಅದು ಹೊರಗಿಟ್ಟಿತು. ಅಂಗಡಿಗಳಲ್ಲಿ 14 ಚದರ ಮೀಟರಿನೊಳಗಿನವನ್ನು ಮಾತ್ರ ಒಳಗಿಟ್ಟುಕೊಂಡಿತು. ಪುರಸಭೆಯ ಮಳಿಗೆಗಳು ಪೂರ್ತಿ ಹೊರಗೆ. ಅಲ್ಲಿ ಅಂಗಡಿ ಇಟ್ಟವರ ಮಾಲೀಕರು ನಾವೇ ಓಟು ಕೊಟ್ಟ ಸದಸ್ಯರು. ಆ ಮಳಿಗೆಯ ಸೋರುವ ತಾರಸಿಯ ಪ್ರಶ್ನೆಯನ್ನು ಅವರ ಮೂಲಕ ಸಾಮಾನ್ಯ ಸಭೆಗೇ ಒಯ್ಯಬೇಕು.

ಮಾಲೀಕರ ಮಾತನ್ನೂ ಕೇಳೋಣ: "ಬರುವ ಬಾಡಿಗೆ ರಿಪೇರಿಗೂ ಸಾಲದು." ನಮ್ಮೂರಿನಲ್ಲಿ ಒಂದೇ ಮನೆಯ ಬಾಡಿಗೆಯಿಂದ ಬದುಕುವ ವಿಧವೆಯರೂ ಇದ್ದಾರೆ, ಅವರನ್ನು ಜಮೀನ್ದಾರರೆಂದು ಬಯ್ಯುವುದು ತಪ್ಪು. ಮುಂಬಯಿಯಲ್ಲಿ ಗಿರಣಿ ಕೆಲಸಗಾರರು ತುಂಬಿದ್ದ ಹಳೆಯ ಚಾಳುಗಳಲ್ಲಿಯೂ ಇದೇ ತಕರಾರು ಇತ್ತು. ಬಾಡಿಗೆ ಏರದೆ ನಿಂತಿತ್ತು, ದುರಸ್ತಿ ನಿಂತಿತ್ತು, ಕಟ್ಟಡಗಳು ಕುಸಿಯುತ್ತಿದ್ದವು. 1969ರಲ್ಲಿ ಅಲ್ಲಿನ ಸರ್ಕಾರ ಕಾಯಿದೆ ಮಾಡಿ, ಆ ಕಟ್ಟಡಗಳ ಮೇಲೆ ಕರ ಹಾಕಿ, ದುರಸ್ತಿಗೆಂದೇ ಒಂದು ಮಂಡಳಿ ಕಟ್ಟಿತು. ಆ ಮಂಡಳಿಯಿಂದ ಎಲ್ಲ ಚಾಳೂ ನೆಟ್ಟಗಾಗಲಿಲ್ಲ. ಆದರೂ ದುರಸ್ತಿ ಮಾಲೀಕನ ಮರ್ಜಿಗೆ ಬಿಟ್ಟ ವಿಷಯವಲ್ಲವೆಂದು ಒಂದು ಸರ್ಕಾರ ಒಪ್ಪಿಕೊಂಡಿತು.

ಭಾನುವಾರ ಬೆಳಿಗ್ಗೆ ನಾನು ಇಲ್ಲಿಯೇ ಕುಳಿತಿರುತ್ತೇನೆ. ಒಂದೊಂದು ವಠಾರದಿಂದ ಇಬ್ಬರು ಬನ್ನಿ, ಒಬ್ಬರು ಹೆಂಗಸರಾಗಿರಲಿ. ಕರಾರು ಪತ್ರ, ಬಾಡಿಗೆಯ ರಶೀದಿ, ಕರೆಂಟಿನ ಬಿಲ್ಲು ತನ್ನಿ. ನಲ್ಲಿ ಕೆಟ್ಟ ದಿನವನ್ನು ನೆನಪು ಮಾಡಿಕೊಂಡು ಬನ್ನಿ. ಕಾಗದ ನಾನು ಬರೆದುಕೊಡುತ್ತೇನೆ. ಸಹಿ ಎಲ್ಲ ಮನೆಯವರದೂ ಬೇಕು, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಹಾಕಬೇಕು, ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಬೇಕು.