ತುರಿಕೆಗೆ ಮನೆಮದ್ದು: ಯಾವುದಕ್ಕೆ ಎಷ್ಟು ಪುರಾವೆ?



ಮೈ ತುರಿಸತೊಡಗಿದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ಬೇವಿನ ಸೊಪ್ಪು, ಅರಿಸಿನ, ಕೊಬ್ಬರಿ ಎಣ್ಣೆ. ಇವು ನಿಜಕ್ಕೂ ಗುಣ ಕೊಡುತ್ತವೆಯೇ? ಉತ್ತರ ಹುಡುಕುವ ಮುನ್ನ ಒಂದು ಮಾತು. ತುರಿಕೆ ತಾನೇ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಒಣಚರ್ಮವೂ ತುರಿಸುತ್ತದೆ, ಕಜ್ಜಿಯೂ ತುರಿಸುತ್ತದೆ, ಹುಳುಕಡ್ಡಿಯೂ ತುರಿಸುತ್ತದೆ. ಕಾರಣ ಬೇರೆಯಾದರೆ ಮದ್ದೂ ಬೇರೆ.

ಮೊದಲು ಒಣಚರ್ಮ. ಚರ್ಮದ ಹೊರಪದರದಲ್ಲಿ ಜಿಡ್ಡಿನಂಶ ಕಡಿಮೆಯಾದರೆ ಒಳಗಿನ ತೇವ ಆರುತ್ತದೆ, ಚರ್ಮ ಬಿರಿಯುತ್ತದೆ, ನರಗಳ ತುದಿ ಕೆರಳುತ್ತದೆ. ಇಲ್ಲಿ ತೆಂಗಿನ ಎಣ್ಣೆಗೆ ಒಳ್ಳೆಯ ಆಧಾರವಿದೆ. ಫಿಲಿಪೈನ್ಸ್ ದೇಶದ ವೈದ್ಯರು ಒಣಚರ್ಮದ 34 ಮಂದಿಯ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಸಿಕಾಯಿಯಿಂದ ತೆಗೆದ ತೆಂಗಿನ ಎಣ್ಣೆ, ಒಣಚರ್ಮಕ್ಕೆ ಹಚ್ಚುವ ಮಿನರಲ್ ಆಯಿಲ್‌ನಷ್ಟೇ ಗುಣ ಕೊಟ್ಟಿತು. ಎಸ್ಜಿಮಾ (ಇಸಬು) ಇದ್ದ 117 ಮಕ್ಕಳಿಗೆ 8 ವಾರ ಹಚ್ಚಿ ನೋಡಿದ ಇನ್ನೊಂದು ಪರೀಕ್ಷೆಯಲ್ಲಿ (2014) ತೆಂಗಿನ ಎಣ್ಣೆ ಮಿನರಲ್ ಆಯಿಲ್‌ಗಿಂತ ಮೇಲೆಂದು ಕಂಡುಬಂತು. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಮೈಯಲ್ಲಿ ಪಸೆ ಇರುವಾಗಲೇ ಎಣ್ಣೆ ಹಚ್ಚಿ.

ಇನ್ನು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವುದರಿಂದ ಬರುವ ಕಾಯಿಲೆ ಇದು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ರಾತ್ರಿ ಹೊತ್ತು ತುರಿಕೆ ಜಾಸ್ತಿ. ಬೇವು ಮತ್ತು ಅರಿಸಿನ ಅರೆದ ಲೇಪವನ್ನು 814 ಮಂದಿಗೆ ಹಚ್ಚಿದಾಗ, 3ರಿಂದ 15 ದಿನಗಳಲ್ಲಿ ಶೇ. 97ರಷ್ಟು ಜನ ಗುಣವಾದರೆಂದು 1992ರ ಒಂದು ಅಧ್ಯಯನ ಹೇಳಿತು. ಭರವಸೆ ಹುಟ್ಟಿಸುವ ಫಲಿತಾಂಶವೇ ಸರಿ. ಆದರೆ ಅದು ಪ್ರಾಥಮಿಕ ಅಧ್ಯಯನ. ಬೇರೆ ಮದ್ದು ಪಡೆದ ಗುಂಪಿನೊಂದಿಗೆ ಹೋಲಿಸಿ ನೋಡಿರಲಿಲ್ಲ. ಹಾಗಾಗಿ ಇಂದಿಗೂ ವೈದ್ಯರು ನೆಚ್ಚುವುದು ಶೇ. 5ರ ಪರ್ಮೆಥ್ರಿನ್ ಮುಲಾಮನ್ನು. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಒಬ್ಬರಿಗೆ ಮಾತ್ರ ಮದ್ದು ಮಾಡಿದರೆ ಕಜ್ಜಿ ಮರಳಿ ಬರುತ್ತದೆ.

ಹುಳುಕಡ್ಡಿಗೆ ಹೆಸರಿನಲ್ಲಿ ಹುಳುವಿದ್ದರೂ ಕಾರಣ ಶಿಲೀಂಧ್ರ. ಅದಕ್ಕೆ ಶಿಲೀಂಧ್ರ ಕೊಲ್ಲುವ ಔಷಧವೇ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಾತ್ಕಾಲಿಕವಾಗಿ ಅಡಗಿಸಿ ರೋಗವನ್ನು ಹರಡಲು ಬಿಡುತ್ತದೆ.

ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ನಂಬಬೇಡಿ. ಕರಿಗೇರಿನ ರಸ ತಗುಲಿದರೆ ಮೈ ಬೊಬ್ಬೆ ಏಳುತ್ತದೆ. ಬೇವಿನ ಎಣ್ಣೆ ಕುಡಿಸಿದ್ದರಿಂದ ಎಳೆಯ ಮಕ್ಕಳಿಗೆ ಫಿಟ್ಸ್ ಬಂದ, ಜೀವಕ್ಕೇ ಕುತ್ತಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕರ್ಪೂರವೂ ಮಕ್ಕಳ ಹೊಟ್ಟೆ ಸೇರಬಾರದು. ಯಾವ ಲೇಪವನ್ನಾದರೂ ಮೊದಲು ಮುಂಗೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡಿ. ಗಾಯದ ಮೇಲೆ, ಕೀವಿನ ಮೇಲೆ ಹಚ್ಚಬೇಡಿ.

ಎರಡು ವಾರವಾದರೂ ತುರಿಕೆ ನಿಲ್ಲದಿದ್ದರೆ, ಮನೆಯಲ್ಲಿ ಹಲವರಿಗೆ ಶುರುವಾದರೆ, ಗುಳ್ಳೆಯೇ ಇಲ್ಲದೆ ಮೈಯೆಲ್ಲ ತುರಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆಯೂ ಹೀಗೆ ಕಾಣಿಸಿಕೊಳ್ಳಬಹುದು. ಹಿರಿಯರ ಮದ್ದನ್ನು ಬಿಡಬೇಕಿಲ್ಲ. ತುರಿಕೆಯ ಕಾರಣ ತಿಳಿದುಕೊಂಡು, ಅದಕ್ಕೆ ತಕ್ಕುದನ್ನು ಮಾತ್ರ ಬಳಸಿ.