ಕಾಡು ಬಲ್ಲವರ ಹಿಂದೆ

ಹಕ್ಕಿ ನೋಡಲು ಮಾರ್ಗದರ್ಶಿ ಏಕೆ, ಕಣ್ಣಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ದಾಂಡೇಲಿಯಂಥ ದಟ್ಟ ಕಾಡಿನಲ್ಲಿ ಸಾಲದು. ಅಲ್ಲಿ ಹಕ್ಕಿ ಮೊದಲು ಸಿಗುವುದು ಕಿವಿಗೆ. ಕಪ್ಪೆಬಾಯಿ ಹಕ್ಕಿಯಂತೂ ಹಗಲೆಲ್ಲ ಒಣಗಿದ ಎಲೆಯ ಹಾಗೆ ಕೊಂಬೆಯ ಮೇಲೆ ಅಲುಗಾಡದೆ ಕೂತಿರುತ್ತದೆ. ಬೆರಳು ಮಾಡಿ ತೋರಿಸಿದರೂ ಎಷ್ಟೋ ಜನಕ್ಕೆ ಕಾಣುವುದಿಲ್ಲ. ಭೀಮರಾಜ ಹಕ್ಕಿಯ ದನಿ ಕೇಳಿದೊಡನೆ ಅನುಭವಿ ಮಾರ್ಗದರ್ಶಿ ನಿಂತುಬಿಡುತ್ತಾರೆ. ಅದರ ಜೊತೆಯಲ್ಲಿ ಮರಕುಟಿಗ ಮೊದಲಾದ ಹಲವು ಜಾತಿಯ ಹಕ್ಕಿಗಳು ಗುಂಪಾಗಿ ಹುಳು ಹಿಡಿಯುತ್ತ ಸಾಗುವುದುಂಟು. ಆ ಗುಂಪು ದಾಟಿಹೋಯಿತೋ, ಕಾಡು ಮತ್ತೆ ಬರಿದಾದಂತೆ ತೋರುತ್ತದೆ.

ಜನ ಹೆಚ್ಚಿದಷ್ಟೂ ಹಕ್ಕಿಗೆ ಕಾಟವಲ್ಲವೇ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ದಾಸ ಮಂಗಟ್ಟೆ ಹಕ್ಕಿಯ ಹೆಣ್ಣು ಗೂಡಿಗಾಗಿ ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಅದರ ಬಾಯಿ ಮುಚ್ಚಿ, ಒಂದು ಸೀಳುಗಂಡಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹೊತ್ತು ತರುವ ಆಲ, ಅತ್ತಿ ಹಣ್ಣುಗಳೇ ಅದರ ಜೀವಾಧಾರ. ಮರದಡಿ ಕ್ಯಾಮೆರಾಗಳು ಗುಂಪುಗೂಡಿದರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ. ಒಳಗಿನ ಜೀವಗಳಿಗೆ ಹಸಿವು. ಇದನ್ನು ಬಲ್ಲ ಮಾರ್ಗದರ್ಶಿ ಜನರನ್ನು ದೂರವೇ ನಿಲ್ಲಿಸುತ್ತಾರೆ. ದನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆಸುವವರೂ ಇದ್ದಾರೆ, ಅದು ತಪ್ಪೇ. ಆದರೆ ಹಾಗೆ ಮಾಡಿಸುವುದು ಬಹಳಮಟ್ಟಿಗೆ ಫೋಟೊ ಸಿಗಲೇಬೇಕೆಂಬ ನಮ್ಮ ಹಟ. ಇನ್ನೂ ಹತ್ತಿರ ಹೋಗೋಣ ಎನ್ನುವ ಅತಿಥಿಗೆ ಬೇಡ ಎನ್ನಬಲ್ಲ ಮಾರ್ಗದರ್ಶಿಗೇ ನಾವು ಹೆಚ್ಚು ಸಂಭಾವನೆ ಕೊಡಬೇಕು.