ಲಂಡನ್ನಿಗೆ ಬಂದ ಇಸ್ಲಾಮಿನ ಲೋಕ



1976ರ ಏಪ್ರಿಲ್ 8ರಂದು ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ಲಂಡನ್ನಿನಲ್ಲಿ ಒಂದು ಉತ್ಸವವನ್ನು ಉದ್ಘಾಟಿಸಿದರು. ಅದರ ಹೆಸರು 'ವರ್ಲ್ಡ್ ಆಫ್ ಇಸ್ಲಾಂ ಫೆಸ್ಟಿವಲ್'. ಹೇವರ್ಡ್ ಗ್ಯಾಲರಿ, ಬ್ರಿಟಿಷ್ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ಹಾರ್ನಿಮನ್ ಮ್ಯೂಸಿಯಂ ಹೀಗೆ ಆ ಮಹಾನಗರದ ಹೆಸರಾಂತ ಸಂಗ್ರಹಾಲಯಗಳು ಆ ವಸಂತದಲ್ಲಿ ಒಂದೇ ವಿಷಯವನ್ನು ಕೈಗೆತ್ತಿಕೊಂಡವು. ಒಂದು ಧರ್ಮದ ನೆರಳಲ್ಲಿ ಬೆಳೆದ ಕಲೆ, ವಿಜ್ಞಾನ, ಸಂಗೀತ, ಬದುಕು ಎಲ್ಲವನ್ನೂ ಆ ಧರ್ಮಕ್ಕೆ ಸೇರದ ಜನರ ಮುಂದೆ ಇಷ್ಟು ದೊಡ್ಡದಾಗಿ ಇಟ್ಟ ಉತ್ಸವ ಯೂರೋಪಿನಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ. ಆ ಉತ್ಸವ ಹೇಗೆ ಹುಟ್ಟಿತು, ಏನನ್ನು ಸಾಧಿಸಿತು, ಎಲ್ಲಿ ಕೊರತೆಯಾಯಿತು ಎಂಬುದನ್ನು ಇಂದು ಹೇಳುತ್ತೇನೆ.

ಬರಿಯ ಕಲಾಪ್ರದರ್ಶನಗಳು ಹಿಂದೆಯೂ ಆಗಿದ್ದವು. 1910ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸುಮಾರು 3,500 ಇಸ್ಲಾಮೀ ಕಲಾವಸ್ತುಗಳನ್ನು ಜೋಡಿಸಿಟ್ಟಿದ್ದರು. ಇಸ್ಲಾಂ ಎಂದರೆ ಅರೇಬಿಯನ್ ನೈಟ್ಸ್ ಕಥೆಗಳ ಥಳುಕು ಎಂದುಕೊಂಡಿದ್ದ ಯೂರೋಪಿಗೆ, ಗಂಭೀರವಾಗಿ ನಿಂತು ನೋಡಬೇಕಾದ ಕಲೆ ಇದು ಎಂದು ತೋರಿಸುವುದು ಸಂಘಟಕರ ಉದ್ದೇಶ. ಚಿತ್ರಕಾರ ಮಾತೀಸ್ ಫ್ರಾನ್ಸಿನಿಂದ ಅದನ್ನು ನೋಡಲೆಂದೇ ಹೋದ. ಇನ್ನೊಬ್ಬ ಚಿತ್ರಕಾರ ಕ್ಯಾಂಡಿನ್‌ಸ್ಕಿಯೂ ನೋಡಿ ಅದರ ಬಗ್ಗೆ ಬರೆದ. 1931ರಲ್ಲಿ ಲಂಡನ್ನಿನ ಬರ್ಲಿಂಗ್ಟನ್ ಹೌಸ್‌ನಲ್ಲಿ ಪರ್ಷಿಯದ ಕಲೆಯ ಪ್ರದರ್ಶನವಾಯಿತು. ಇವೆಲ್ಲ ಕಲಾಸಕ್ತರನ್ನು ಮುಟ್ಟಿದವು. ಆದರೆ ಆ ಕಲೆಯ ಹಿಂದಿನ ನಂಬಿಕೆಯ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ.

ಆ ಪ್ರಶ್ನೆ ಕೇಳಿದವರಲ್ಲಿ ಲಂಡನ್ ಉತ್ಸವದ ಕನಸು ಕಂಡ ಪಾಲ್ ಕೀಲರ್ ಒಬ್ಬರು. 1971ರಲ್ಲಿ ಲಂಡನ್ನಿನ ಸಮಕಾಲೀನ ಕಲೆಗಳ ಸಂಸ್ಥೆಯೊಂದರಲ್ಲಿ ನಡೆದ ಚಿಕ್ಕ ಪ್ರಮಾಣದ ಕಾರ್ಯಕ್ರಮದಿಂದ ಈ ಕನಸು ಬೆಳೆಯಿತು. ಮುಂದೆ ಒಂದು ಟ್ರಸ್ಟ್ ರೂಪುಗೊಂಡಿತು. ಈಜಿಪ್ಟಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಸರ್ ಹೆರಾಲ್ಡ್ ಬೀಲಿ ಅದರ ನೇತೃತ್ವ ವಹಿಸಿದರು. 1973ರ ತೈಲ ಬಿಕ್ಕಟ್ಟಿನ ನಂತರ ಅರಬ್ ದೇಶಗಳ ಕಡೆಗೆ ಇಡೀ ಪಶ್ಚಿಮದ ಕಣ್ಣು ತಿರುಗಿತ್ತು. ಉತ್ಸವದ ಖರ್ಚಿನ ದೊಡ್ಡ ಪಾಲು ಆ ದೇಶಗಳಿಂದಲೇ ಬಂತು. ತೈಲದ ಹಣ ಎಂದು ಕೆಲವರು ಮೂಗು ಮುರಿದಿರಬಹುದು. ಆದರೆ ಆ ಹಣದಲ್ಲಿ ಏನಾಯಿತು ಎಂಬುದನ್ನು ನೋಡಿದರೆ ನನಗಂತೂ ಗೌರವವೇ ಮೂಡುತ್ತದೆ.

ಹೇವರ್ಡ್ ಗ್ಯಾಲರಿಯಲ್ಲಿ ಹಲವು ದೇಶಗಳಿಂದ ತಂದ ಆರುನೂರಕ್ಕೂ ಹೆಚ್ಚು ಕಲಾವಸ್ತುಗಳಿದ್ದವು. ಬ್ರಿಟಿಷ್ ಮ್ಯೂಸಿಯಂನ ಕಿಂಗ್ಸ್ ಲೈಬ್ರರಿಯಲ್ಲಿ ಕುರಾನಿನ ಹಸ್ತಪ್ರತಿಗಳನ್ನು ತೆರೆದಿಟ್ಟಿದ್ದರು. ಪೌರಸ್ತ್ಯ ಹಸ್ತಪ್ರತಿಗಳ ಮೇಲ್ವಿಚಾರಕರಾಗಿದ್ದ ಮಾರ್ಟಿನ್ ಲಿಂಗ್ಸ್ ಅದಕ್ಕೆ ದುಡಿದವರಲ್ಲಿ ಮುಖ್ಯರು. ಅವರು ಸ್ವತಃ ಇಸ್ಲಾಂ ಸ್ವೀಕರಿಸಿದ ಆಂಗ್ಲ ವಿದ್ವಾಂಸರು. ಸ್ವಿಟ್ಜರ್‌ಲೆಂಡಿನ ಟೈಟಸ್ ಬುರ್ಕ್‌ಹಾರ್ಟ್ ಇಸ್ಲಾಮೀ ಕಲೆಯ ಬಗ್ಗೆ, ಇರಾನಿನ ಸಯ್ಯದ್ ಹುಸೇನ್ ನಸ್ರ್ ಇಸ್ಲಾಮೀ ವಿಜ್ಞಾನದ ಬಗ್ಗೆ ಬರೆದ ಪುಸ್ತಕಗಳು ಉತ್ಸವಕ್ಕೆಂದೇ ಹೊರಬಂದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೈನ್ಸ್ ಮ್ಯೂಸಿಯಂನ ನೀರ್ಗಡಿಯಾರ. 1206ರಲ್ಲಿ, ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ, ಅಲ್ ಜಝರಿ ಎಂಬ ಆಸ್ಥಾನದ ಯಂತ್ರಜ್ಞ ತನ್ನ ಯಂತ್ರಗಳನ್ನು ವಿವರಿಸಿ ಒಂದು ಗ್ರಂಥ ಬರೆದು ಮುಗಿಸಿದ. ಆಳೆತ್ತರಕ್ಕೂ ಮೀರಿದ ಕೋಟೆಬಾಗಿಲಿನಂಥ ಗಡಿಯಾರ ಅದರಲ್ಲಿದೆ. ಒಳಗೆ ನೀರಿನ ತೊಟ್ಟಿ. ನೀರು ಒಂದೇ ಸಮನೆ ಇಳಿಯುತ್ತಿದ್ದಂತೆ ತೇಲುಬುರುಡೆಯೂ ಇಳಿಯುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಹೊರಗಿನ ಚಂದ್ರಬಿಂಬವನ್ನು ಬಾಗಿಲುಗಳ ಸಾಲಿನ ಮುಂದೆ ಮೆಲ್ಲಗೆ ಎಳೆಯುತ್ತದೆ. ಗಂಟೆ ತುಂಬಿದಾಗ ಬಾಗಿಲು ತೆರೆದು ಬೊಂಬೆ ಕಾಣಿಸಿಕೊಳ್ಳುತ್ತದೆ, ಎರಡು ಗಿಡುಗಗಳು ಮುಂದಕ್ಕೆ ಬಾಗಿ ಕೊಕ್ಕಿನಿಂದ ಗುಂಡುಗಳನ್ನು ಪಾತ್ರೆಯೊಳಗಿನ ತಾಳದ ಮೇಲೆ ಉದುರಿಸುತ್ತವೆ. ಆರನೆಯ, ಒಂಬತ್ತನೆಯ, ಹನ್ನೆರಡನೆಯ ಗಂಟೆಗೆ ಬೊಂಬೆ ವಾದ್ಯಗಾರರು ನಗಾರಿ ಬಾರಿಸಿ ಕಹಳೆ ಊದುತ್ತಾರೆ. ಬೇಸಿಗೆಯ ಹಗಲು ಉದ್ದ, ಚಳಿಗಾಲದ ಹಗಲು ಗಿಡ್ಡ. ಎರಡನ್ನೂ ಹನ್ನೆರಡು ಭಾಗ ಮಾಡುವ ಕಾಲವದು. ಹಾಗಾಗಿ ದಿನದ ಅಳತೆಗೆ ತಕ್ಕಂತೆ ನೀರಿನ ಹರಿವನ್ನು ಬದಲಿಸುವ ಏರ್ಪಾಡನ್ನೂ ಆತ ಮಾಡಿದ್ದ.

ಈ ಗ್ರಂಥವನ್ನು 1974ರಲ್ಲಿ ಇಂಗ್ಲಿಷಿಗೆ ತಂದವರು ಡೊನಾಲ್ಡ್ ಹಿಲ್, ಇರಾಕಿನ ತೈಲ ಕಂಪನಿಯಲ್ಲಿ ದುಡಿದಿದ್ದ ಇಂಜಿನಿಯರ್. ಉತ್ಸವಕ್ಕಾಗಿ ಆ ಗಡಿಯಾರವನ್ನು ಮೂಲದ ಅಳತೆಯಲ್ಲೇ ಕಟ್ಟಿದರು. ಅದು ನಡೆಯಿತು! ಏಳೂವರೆ ಶತಮಾನಕ್ಕೂ ಹಿಂದಿನ ಬರಹವನ್ನು ನೆಚ್ಚಿ ಕಟ್ಟಿದ ಯಂತ್ರ ಸರಿಯಾಗಿ ಹೊತ್ತು ಹೇಳಿತು. ಇಸ್ಲಾಮೀ ನಾಗರಿಕತೆಯ ಹಿರಿಮೆಯ ಬಗ್ಗೆ ನೂರು ಭಾಷಣ ಮಾಡಿದರೂ ಈ ಒಂದು ಗಡಿಯಾರದಷ್ಟು ಮನವರಿಕೆ ಮಾಡಿಕೊಡಲಾಗದು.

ರೇಡಿಯೋದಲ್ಲಿ ಮಾತಾಡುವಾಗ ಹಾರ್ನಿಮನ್ ಮ್ಯೂಸಿಯಂ ಬಗ್ಗೆ ಹೇಳದಿದ್ದರೆ ಹೇಗೆ? ಅಲ್ಲಿ ವಾದ್ಯಗಳ ವಿಭಾಗ ನೋಡಿಕೊಳ್ಳುತ್ತಿದ್ದ ಜೀನ್ ಜೆಂಕಿನ್ಸ್, ಡೆನ್ಮಾರ್ಕಿನ ಪೌಲ್ ರೋವ್ಸಿಂಗ್ ಓಲ್ಸನ್ ಜೊತೆ ಸೇರಿ ಮುಸ್ಲಿಂ ನಾಡುಗಳ ಸಂಗೀತವನ್ನು ಆರು ಗ್ರಾಮಫೋನ್ ತಟ್ಟೆಗಳಲ್ಲಿ ತುಂಬಿಕೊಟ್ಟರು. ಒಂದರಲ್ಲಿ ಮನುಷ್ಯಕಂಠ, ಇನ್ನೊಂದರಲ್ಲಿ ಮೀಟುವ ತಂತಿವಾದ್ಯಗಳು, ಮತ್ತೊಂದರಲ್ಲಿ ಕೊಳಲು ಕಹಳೆಗಳು, ಕೊನೆಯದರಲ್ಲಿ ಚರ್ಮವಾದ್ಯಗಳು. ಅರಬರ ನಕಾರಾ ಪಶ್ಚಿಮಕ್ಕೆ ಹೋಗಿ ಅಲ್ಲಿನ ವಾದ್ಯವೃಂದದ ದೊಡ್ಡ ಭೇರಿಯಾಯಿತು. ನಮ್ಮ ಗುಡಿಗಳಲ್ಲಿ ಮಂಗಳಾರತಿಯ ಹೊತ್ತಿಗೆ ಮೊಳಗುವ ನಗಾರಿಯೂ ಅದರ ಬಳಗದ್ದೇ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಭಾರತದ ಮುಸ್ಲಿಂ ಆಸ್ಥಾನಗಳ ಚಿತ್ರಕಲೆಗೂ ಬೇರೆಯದೇ ಪ್ರದರ್ಶನವಿತ್ತು. ಅಲ್ಲಿ ಮೊಘಲರ ಜೊತೆ ದಖನ್ನಿನ ಆಸ್ಥಾನಗಳಿಗೂ ಜಾಗ ಸಿಕ್ಕಿತು. ಆ ಮ್ಯೂಸಿಯಂನ ಸಂಗ್ರಹದಲ್ಲಿ ನಮ್ಮ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಚಿತ್ರವೊಂದಿದೆ. 1580ರಿಂದ 1627ರವರೆಗೆ ಆಳಿದ ಸುಲ್ತಾನ ಅದರಲ್ಲಿ ಕೈಯಲ್ಲಿ ತಾಳದ ಚಿಟಿಕೆ ಹಿಡಿದು ನಿಂತಿದ್ದಾನೆ. 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಹೊತ್ತಗೆ ಕಟ್ಟಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರಗಿಯ ಸೂಫಿ ಸಂತ ಬಂದೇನವಾಜರನ್ನೂ ಒಟ್ಟಿಗೆ ಸ್ತುತಿಸಿ, ಜನರಿಂದ ಜಗದ್ಗುರು ಎನಿಸಿಕೊಂಡವನು ಈತ. ಸಂಸ್ಕೃತಿಗಳ ನಡುವೆ ಮಾತುಕತೆ ಆಗಬೇಕು ಎಂದು ಲಂಡನ್ ಹಂಬಲಿಸುವುದಕ್ಕೆ ಮುನ್ನೂರೈವತ್ತು ವರ್ಷ ಮೊದಲೇ ಈ ಮಾತುಕತೆ ರಾಗತಾಳಗಳಲ್ಲಿ ನಡೆದಿತ್ತು. ನಾವದನ್ನು ಎಷ್ಟು ಬೇಗ ಮರೆಯುತ್ತೇವೆ!

ಇನ್ನು ಕೊರತೆಯ ಮಾತು. ಮ್ಯೂಸಿಯಂ ಆಫ್ ಮ್ಯಾನ್‌ಕೈಂಡ್ ಎಂಬಲ್ಲಿ ಯೆಮನ್ ದೇಶದ ಸನಾ ನಗರದ ಪೇಟೆಬೀದಿಯನ್ನೇ ಮರುಸೃಷ್ಟಿಸಿದ್ದರು. ಆದರೆ ಯೆಮನ್‌ನಿಂದ ವಲಸೆ ಬಂದ ನೂರಾರು ಜನ ಆಗಲೇ ಶೆಫೀಲ್ಡ್‌ನ ಉಕ್ಕಿನ ಕಾರ್ಖಾನೆಗಳಲ್ಲಿ ಕುಲುಮೆಯ ಮುಂದೆ ದುಡಿಯುತ್ತಿದ್ದರು. ಬ್ರಾಡ್‌ಫರ್ಡ್‌ನ ನೂಲಿನ ಗಿರಣಿಗಳಲ್ಲಿ ಪಾಕಿಸ್ತಾನದವರು ರಾತ್ರಿ ಪಾಳಿ ಮಾಡುತ್ತಿದ್ದರು. ಉತ್ಸವ ಇನ್ನೂ ನಡೆಯುತ್ತಿದ್ದ ಜೂನ್ ತಿಂಗಳಲ್ಲೇ ಲಂಡನ್ನಿನ ಸೌತಾಲ್‌ನಲ್ಲಿ 18 ವರ್ಷದ ಒಬ್ಬ ಸಿಖ್ ವಿದ್ಯಾರ್ಥಿಯನ್ನು ಬೀದಿಯಲ್ಲಿ ಇರಿದು ಕೊಂದರು. ಏಷ್ಯಾದವರ ಮೇಲೆ ದ್ವೇಷ ಹರಿದಾಡುತ್ತಿದ್ದ ದಿನಗಳವು. ಕುರಾನಿನ ಬಂಗಾರದ ಅಕ್ಷರಗಳನ್ನು ಬೆರಗಿನಿಂದ ನೋಡಿದ ಊರಿಗೆ, ಪಕ್ಕದ ಬೀದಿಯಲ್ಲಿ ಅದೇ ಕುರಾನನ್ನು ಓದುವ ಬಸ್ ಕಂಡಕ್ಟರ್ ಕಾಣಿಸಲಿಲ್ಲ. ಉತ್ಸವ ತೋರಿಸಿದ ಇಸ್ಲಾಂ ಬಹುಮಟ್ಟಿಗೆ ಹಳೆಯದು, ಸುಂದರವಾದದ್ದು, ದೂರದ್ದು. ಸಂಘಟಕರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ, ಆದರೆ ಆ ಪ್ರೀತಿ ಗಾಜಿನ ಪೆಟ್ಟಿಗೆಯಿಂದ ಆಚೆಗೆ ಬರಲು ಕಾಲ ಹಿಡಿಯಿತು.

ಮುಂದೆ ಕೆಲವು ಫಲಗಳು ಕಾಣಿಸಿದವು. 1976ರಲ್ಲೇ ಇಸ್ಲಾಮೀ ರೇಖಾವಿನ್ಯಾಸಗಳ ಬಗ್ಗೆ ಪುಸ್ತಕ ಬರೆದಿದ್ದ ಕೀತ್ ಕ್ರಿಚ್‌ಲೊ, 1984ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಇಸ್ಲಾಮೀ ಮತ್ತು ಪಾರಂಪರಿಕ ಕಲೆಗಳಿಗೊಂದು ವಿಭಾಗ ತೆರೆದರು. ಕೈವಾರ, ಅಳತೆಪಟ್ಟಿ ಹಿಡಿದು ವೃತ್ತದಿಂದ ನಕ್ಷತ್ರ ಬಿಡಿಸುವುದನ್ನು ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳು ಅಲ್ಲಿ ಒಂದೇ ಮೇಜಿನ ಸುತ್ತ ಕೂತು ಕಲಿತರು. ಆ ಕಲಿಕೆ ಮುಂದೆ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಸ್ಥಾಪಿಸಿದ ಶಾಲೆಯಾಗಿ ಉಳಿದುಕೊಂಡಿತು.

ಮೊದಲ ಉತ್ಸವವಾಗಿ ಮೂವತ್ತು ವರ್ಷಗಳ ಮೇಲೆ, 2006ರಲ್ಲಿ, ಬ್ರಿಟನ್ನಿನಲ್ಲಿ ಮುಸ್ಲಿಂ ಸಂಸ್ಕೃತಿಗಳ ಇನ್ನೊಂದು ಉತ್ಸವ ಏರ್ಪಟ್ಟಿತು. ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದು ಆಗಿನ್ನೂ ಆರೇ ತಿಂಗಳು. ಮುಸ್ಲಿಮರ ಹೆಸರೆತ್ತಿದರೆ ಅನುಮಾನದಿಂದ ನೋಡುವ ವಾತಾವರಣವಿತ್ತು. ಆದರೂ ಸಂಘಟಕರು ಹಿಂಜರಿಯಲಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಇಸ್ಲಾಮೀ ಕಲಾನಿಧಿಯನ್ನು ಮುಂದಿಟ್ಟುಕೊಂಡು ಜನವರಿಯಲ್ಲಿ ಉತ್ಸವ ಆರಂಭಿಸಿದರು. ಈ ಬಾರಿ ಆರಂಭ ರಾಜಧಾನಿಯಲ್ಲಲ್ಲ, ಶೆಫೀಲ್ಡ್‌ನಲ್ಲಿ. ಯೆಮನ್‌ನಿಂದ ಬಂದು ಉಕ್ಕು ಕರಗಿಸಿದವರ ಮಕ್ಕಳು ಮೊಮ್ಮಕ್ಕಳು ಬದುಕುತ್ತಿರುವ ಊರಿನಲ್ಲಿ.